ಮೋಟಾರಿಗೆ ಜ್ವರ ಬಂದಾಗ

"ಸಾರ್, ನಮ್ಮ ನಾರಿನ ಘಟಕದಲ್ಲಿ ಮಟ್ಟೆ ಸಾಗಿಸುವ ಬೆಲ್ಟಿನ ಮೋಟಾರಿಗೆ ವೇಗ ಬದಲಿಸುವ ಡ್ರೈವ್ ಹಾಕಿಸಿದ್ದೇವೆ. ವೇಗ ಕಡಿಮೆ ಮಾಡಿದಷ್ಟೂ ಮೋಟಾರು ಹೆಚ್ಚು ಬಿಸಿಯಾಗುತ್ತಿದೆ. ಪಕ್ಕದ ತೋಟದವರ ತೆರೆದ ಬಾವಿಯ ಪಂಪಿಗೂ ಅಂಥದೇ ಡ್ರೈವ್ ಇದೆ, ಅದು ತಣ್ಣಗಿದೆ. ನಿಧಾನವಾಗಿ ತಿರುಗುವ ಮೋಟಾರು ಕಡಿಮೆ ಬಿಸಿಯಾಗಬೇಕಲ್ಲವೇ? ಡ್ರೈವೇ ಸರಿಯಿಲ್ಲ, ಕಿತ್ತುಹಾಕಿಸೋಣ ಎನ್ನುತ್ತಿದ್ದಾರೆ ನಮ್ಮಪ್ಪ."

ಹೀಗೆ ಕೇಳಿರುವವನು ತುರುವೇಕೆರೆ ಕಡೆಯ ಒಬ್ಬ ಡಿಪ್ಲೊಮಾ ವಿದ್ಯಾರ್ಥಿ. ಪ್ರಶ್ನೆ ಒಬ್ಬನದಾದರೂ ಉತ್ತರ ಬೇಕಾಗಿರುವುದು ಅನೇಕರಿಗೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೆಂಗಿನ ಮರದಷ್ಟೇ ಮೋಟಾರೂ ಬದುಕಿನ ಭಾಗವಾಗಿದೆ. ಕೊಳವೆಬಾವಿಯ ತಳದಲ್ಲಿ ಒಂದು, ಹಿಟ್ಟಿನ ಗಿರಣಿಯಲ್ಲಿ ಒಂದು, ಎಣ್ಣೆ ಮಿಲ್ಲಿನಲ್ಲಿ ಒಂದು, ಕಾಯಿಪುಡಿ ಕಾರ್ಖಾನೆಗಳಲ್ಲಿ ಮತ್ತು ನಾರಿನ ಘಟಕಗಳಲ್ಲಿ ಹಲವು. ಮೋಟಾರು ಸುಟ್ಟಿತೆಂದರೆ ರಿವೈಂಡಿಂಗ್ ಖರ್ಚು ಒಂದು ಕಡೆ, ನಿಂತುಹೋದ ಕೆಲಸದ ನಷ್ಟ ಇನ್ನೊಂದು ಕಡೆ. ಘಟಕ ನಿಂತರೆ ದಿನಗೂಲಿಯವರ ಒಲೆಯೂ ತಣ್ಣಗಾಗುತ್ತದೆ. ಬೇಸಿಗೆಯಲ್ಲಿ ತೋಟದ ಮೋಟಾರು ಕೈಕೊಟ್ಟರೆ ಮರದಲ್ಲಿ ಹರಳು ಉದುರುತ್ತದೆ. ಆದ್ದರಿಂದ ಈ ಹುಡುಗನ ಪ್ರಶ್ನೆಯನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಮೊದಲೇ ಒಂದು ಮಾತು. ಜ್ವರ ಎಂಬುದು ರೋಗವಲ್ಲ, ರೋಗದ ಲಕ್ಷಣ ಎಂದು ವೈದ್ಯರು ಹೇಳುತ್ತಾರೆ. ಮೋಟಾರಿನ ಬಿಸಿಯೂ ಹಾಗೆಯೇ. ಡ್ರೈವ್ ಟ್ರಿಪ್ ಆದಾಗಲೆಲ್ಲ ರೀಸೆಟ್ ಗುಂಡಿ ಒತ್ತುತ್ತ ಹೋಗುವುದು, ಕಾರಣ ತಿಳಿಯದೆ ಜ್ವರದ ಮಾತ್ರೆ ನುಂಗುತ್ತ ಹೋದ ಹಾಗೆ.

ತಿರುಗುವ ಕಾಂತಕ್ಷೇತ್ರ

ನಮ್ಮ ಊರುಗಳಲ್ಲಿರುವ ಮೂರು ಫೇಸಿನ ಮೋಟಾರುಗಳು ಬಹುಪಾಲು 'ಇಂಡಕ್ಷನ್' ಜಾತಿಯವು. ಇವುಗಳ ಮೂಲ 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯಲ್ಲಿದೆ. ಆ ತತ್ವದಿಂದ ಇಟಲಿಯ ಗೆಲಿಲಿಯೊ ಫೆರಾರಿಸ್ 1885ರಲ್ಲಿ ತಿರುಗುವ ಕಾಂತಕ್ಷೇತ್ರವನ್ನು ಮಾಡಿ ತೋರಿಸಿದ. ಅಮೆರಿಕದಲ್ಲಿ ನಿಕೋಲಾ ಟೆಸ್ಲಾ 1888ರಲ್ಲಿ ಇಂಥ ಮೋಟಾರಿಗೆ ಪೇಟೆಂಟ್ ಪಡೆದ. ಮರುವರ್ಷ, 1889ರಲ್ಲಿ, ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದ ಡೊಲಿವೊ-ಡೊಬ್ರೊವೊಲ್‌ಸ್ಕಿ ಅದಕ್ಕೆ ಮೂರು ಫೇಸಿನ ಈಗಿನ ರೂಪ ಕೊಟ್ಟ. ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು 1902ರಲ್ಲಿ. ಟೆಸ್ಲಾನ ಪೇಟೆಂಟಿಗೆ ಆಗ ಕೇವಲ 14 ವರ್ಷ.

ಈ ಮೋಟಾರಿನ ವೇಗವನ್ನು ನಿರ್ಧರಿಸುವುದು ವಿದ್ಯುತ್ತಿನ ಆವೃತ್ತಿ ಮತ್ತು ಮೋಟಾರಿನೊಳಗಿನ ಧ್ರುವಗಳ ಸಂಖ್ಯೆ. ಆವೃತ್ತಿಯನ್ನು 120ರಿಂದ ಗುಣಿಸಿ ಧ್ರುವಗಳ ಸಂಖ್ಯೆಯಿಂದ ಭಾಗಿಸಿದರೆ ಕಾಂತಕ್ಷೇತ್ರ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು ತಿಳಿಯುತ್ತದೆ. ನಮ್ಮ ದೇಶದ ಆವೃತ್ತಿ 50 ಹರ್ಟ್ಸ್. ನಾಲ್ಕು ಧ್ರುವದ ಮೋಟಾರಿಗೆ ಲೆಕ್ಕ 1500 ಸುತ್ತು. ನಿಜವಾದ ಮೋಟಾರು ಇದಕ್ಕಿಂತ ಸ್ವಲ್ಪ ಹಿಂದೆ ಉಳಿದು, ಸುಮಾರು 1440 ಸುತ್ತು ಹಾಕುತ್ತದೆ.

ಧ್ರುವಗಳನ್ನು ಬದಲಿಸುವುದು ಸುಲಭವಲ್ಲ. ಹಾಗಾಗಿ ವೇಗ ಬೇರೆ ಬೇಕೆಂದರೆ ಹಿಂದೆ ಪುಲ್ಲಿ ಬದಲಿಸುತ್ತಿದ್ದರು. ಈಗ ಆವೃತ್ತಿಯನ್ನೇ ಬದಲಿಸುವ ಪೆಟ್ಟಿಗೆ ಬಂದಿದೆ. ಅದೇ ವಿ.ಎಫ್.ಡಿ., ಆಡುಮಾತಿನಲ್ಲಿ ಬರೀ ಡ್ರೈವ್. ಅದು ಬರುವ ಎ.ಸಿ. ವಿದ್ಯುತ್ತನ್ನು ಮೊದಲು ಡಿ.ಸಿ. ಮಾಡಿಕೊಳ್ಳುತ್ತದೆ. ಅದನ್ನು ಸೆಕೆಂಡಿಗೆ ಸಾವಿರಾರು ಬಾರಿ ಕತ್ತರಿಸಿ, ನಮಗೆ ಬೇಕಾದ ಆವೃತ್ತಿಯ ಎ.ಸಿ.ಯಂತೆ ಜೋಡಿಸಿ ಮೋಟಾರಿಗೆ ಕೊಡುತ್ತದೆ. ಆವೃತ್ತಿ ಇಳಿಸಿದಾಗ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸುತ್ತದೆ. 50 ಹರ್ಟ್ಸಿಗೆ 415 ವೋಲ್ಟ್ ಎಂದರೆ ಒಂದು ಹರ್ಟ್ಸಿಗೆ 8.3 ವೋಲ್ಟ್. 25 ಹರ್ಟ್ಸಿಗೆ ಇಳಿಸಿದರೆ ಸುಮಾರು 207 ವೋಲ್ಟ್. ಈ ಅನುಪಾತ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಬಿಸಿಯ ಜಮಾ-ಖರ್ಚು

ಬಿಸಿ ಎಲ್ಲಿಂದ ಬರುತ್ತದೆ? ಹೈಸ್ಕೂಲಿನಲ್ಲಿ ಕಲಿತ ಜೂಲ್ ನಿಯಮವನ್ನು ನೆನಪಿಸಿಕೊಳ್ಳಿ. ತಂತಿಯಲ್ಲಿ ಹುಟ್ಟುವ ಶಾಖ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 10 ಆಂಪಿಯರ್ ಎಳೆಯಬೇಕಾದ ಮೋಟಾರು 12 ಆಂಪಿಯರ್ ಎಳೆದರೆ ಪ್ರವಾಹ ಹೆಚ್ಚಿದ್ದು ಶೇಕಡಾ 20, ತಾಮ್ರದ ಸುರುಳಿಯಲ್ಲಿ ಶಾಖ ಹೆಚ್ಚಿದ್ದು ಶೇಕಡಾ 44. ಇದರ ಜೊತೆಗೆ ಕಬ್ಬಿಣದ ತಿರುಳಿನಲ್ಲಿ ಸ್ವಲ್ಪ, ಬೇರಿಂಗಿನ ಘರ್ಷಣೆಯಲ್ಲಿ ಸ್ವಲ್ಪ ಶಾಖ ಹುಟ್ಟುತ್ತದೆ.

5 ಎಚ್.ಪಿ. ಮೋಟಾರನ್ನು ತೆಗೆದುಕೊಳ್ಳಿ. ಅದು ಹೊರಗೆ ಕೊಡುವ ಶಕ್ತಿ 3.7 ಕಿಲೋವಾಟ್. ದಕ್ಷತೆ ಶೇಕಡಾ 85 ಎಂದಿಟ್ಟುಕೊಂಡರೆ ಒಳಗೆ ಎಳೆಯುವುದು ಸುಮಾರು 4.35 ಕಿಲೋವಾಟ್. ವ್ಯತ್ಯಾಸ 650 ವಾಟ್. ಮನೆಯಲ್ಲಿ ಬಳಸುವ ಸಾವಿರ ವಾಟಿನ ಇಸ್ತ್ರಿ ಪೆಟ್ಟಿಗೆಯ ಅರ್ಧಕ್ಕೂ ಹೆಚ್ಚು ಶಾಖ, ಎಲ್ಲ ಸರಿಯಿದ್ದಾಗಲೇ ಮೋಟಾರಿನೊಳಗೆ ಸದಾ ಹುಟ್ಟುತ್ತಿರುತ್ತದೆ! ಅದು ಹೊರಗೆ ಹೋಗಲೆಂದೇ ಮೋಟಾರಿನ ಮೈಮೇಲೆ ಉದ್ದುದ್ದ ಏಣುಗಳಿವೆ, ಹಿಂಬದಿಯಲ್ಲಿ ಫ್ಯಾನ್ ಇದೆ. ಹುಟ್ಟುವ ಶಾಖ ಜಮಾ, ಹೊರಹೋಗುವ ಶಾಖ ಖರ್ಚು. ಜಮಾ ಹೆಚ್ಚಿದರೂ ಬಿಸಿ ಏರುತ್ತದೆ, ಖರ್ಚು ಕಡಿಮೆಯಾದರೂ ಬಿಸಿ ಏರುತ್ತದೆ.

ಪ್ರಶ್ನೆಗೆ ಉತ್ತರ

ಆ ಹಿಂಬದಿಯ ಫ್ಯಾನ್ ಮೋಟಾರಿನ ಅಚ್ಚಿಗೇ ಜೋಡಿಸಿದ್ದು. ಮೋಟಾರು ಅರ್ಧ ವೇಗದಲ್ಲಿ ತಿರುಗಿದರೆ ಫ್ಯಾನೂ ಅರ್ಧ ವೇಗದಲ್ಲಿ ತಿರುಗುತ್ತದೆ, ಗಾಳಿಯೂ ಸುಮಾರು ಅರ್ಧವಾಗುತ್ತದೆ. ಇತ್ತ ಮಟ್ಟೆ ಸಾಗಿಸುವ ಬೆಲ್ಟಿನ ಮೇಲಿನ ಭಾರ ವೇಗ ಇಳಿಸಿದ ಮಾತ್ರಕ್ಕೆ ಇಳಿಯುವುದಿಲ್ಲ. ಅದನ್ನು ಎಳೆಯಲು ಬೇಕಾದ ತಿರುಗಿಸುವ ಬಲ, ಅಂದರೆ ಟಾರ್ಕ್, ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಟಾರ್ಕ್ ಅಷ್ಟೇ ಎಂದರೆ ಪ್ರವಾಹ ಅಷ್ಟೇ, ಪ್ರವಾಹ ಅಷ್ಟೇ ಎಂದರೆ ತಾಮ್ರದ ಶಾಖವೂ ಅಷ್ಟೇ. ಕಬ್ಬಿಣದ ತಿರುಳಿನ ಶಾಖ ತುಸು ಇಳಿಯುವುದು ನಿಜ, ಆದರೆ ಅದು ಸಾಲದು. ಜಮಾ ಹಾಗೇ ಉಳಿದು ಖರ್ಚು ಅರ್ಧಕ್ಕಿಳಿದರೆ ಏನಾಗುತ್ತದೆಂದು ವ್ಯಾಪಾರಸ್ಥರ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ.

ಪಕ್ಕದ ತೋಟದ ಪಂಪಿನ ಕಥೆ ಬೇರೆ. ಪಂಪಿನ ಟಾರ್ಕ್ ವೇಗದ ವರ್ಗದಂತೆ ಇಳಿಯುತ್ತದೆ, ಶಕ್ತಿ ಘನದಂತೆ ಇಳಿಯುತ್ತದೆ. ವೇಗ ಅರ್ಧವಾದರೆ ಟಾರ್ಕ್ ಕಾಲು ಭಾಗ, ಶಕ್ತಿ ಎಂಟನೇ ಒಂದು ಭಾಗ. ಅಲ್ಲಿ ಖರ್ಚಿಗಿಂತ ಜಮಾ ಬೇಗ ಇಳಿಯುತ್ತದೆ. ಅದೇ ಜಾತಿಯ ಮೋಟಾರು, ಅದೇ ಜಾತಿಯ ಡ್ರೈವ್ ಇದ್ದೂ ಒಂದು ಬಿಸಿ, ಒಂದು ತಣ್ಣಗೆ. ವ್ಯತ್ಯಾಸ ಇರುವುದು ಹೊರೆಯ ಸ್ವಭಾವದಲ್ಲಿ. ಇದನ್ನು ನೋಡದೆ ಡ್ರೈವನ್ನು ಬೈದರೆ ಕಳ್ಳನನ್ನು ಬಿಟ್ಟು ಕಾವಲುಗಾರನನ್ನು ಹಿಡಿದ ಹಾಗೆ.

ಕೊಳವೆಬಾವಿಯಲ್ಲಿ ಎಚ್ಚರ

ಹಾಗಾದರೆ ಪಂಪಿಗೆ ಡ್ರೈವ್ ಹಾಕಿದರೆ ಭಯವೇ ಇಲ್ಲ ಎಂದುಕೊಳ್ಳಬೇಡಿ. ಮೇಲೆ ಹೇಳಿದ್ದು ಗಾಳಿಯಲ್ಲಿ ಕುಳಿತ ಮೋಟಾರಿಗೆ. ಕೊಳವೆಬಾವಿಯ ಸಬ್‌ಮರ್ಸಿಬಲ್ ಮೋಟಾರಿಗೆ ಫ್ಯಾನ್ ಇಲ್ಲ. ಅದರ ಮೈಯನ್ನು ಸವರಿಕೊಂಡು ಮೇಲೇರುವ ನೀರೇ ಅದಕ್ಕೆ ತಂಪು. ಪಂಪು ನೀರನ್ನು ಎತ್ತಬಲ್ಲ ಎತ್ತರ ವೇಗದ ವರ್ಗದಂತೆ ಬದಲಾಗುತ್ತದೆ. 50 ಹರ್ಟ್ಸಿನಲ್ಲಿ 800 ಅಡಿ ಎತ್ತಬಲ್ಲ ಪಂಪು 35 ಹರ್ಟ್ಸಿನಲ್ಲಿ ಎತ್ತುವುದು ಅದರ ಅರ್ಧ, ಸುಮಾರು 390 ಅಡಿ ಮಾತ್ರ. ನೀರಿನ ಮಟ್ಟ 600 ಅಡಿಯಲ್ಲಿದ್ದರೆ ಪಂಪು ತಿರುಗುತ್ತಲೇ ಇರುತ್ತದೆ, ಆದರೆ ಮೇಲೆ ಒಂದು ಹನಿಯೂ ಬರುವುದಿಲ್ಲ. ನಿಂತ ನೀರಿನಲ್ಲಿ ಮೋಟಾರು ಬೇಯುತ್ತದೆ.

2019ರಲ್ಲಿ ಆರಂಭವಾದ ಪಿ.ಎಂ. ಕುಸುಮ್‌ನಂಥ ಯೋಜನೆಗಳಿಂದ ಸೌರ ಪಂಪುಗಳು ತೋಟಗಳಿಗೆ ಬರುತ್ತಿವೆ. ಎ.ಸಿ. ಮೋಟಾರಿನ ಸೌರ ಪಂಪಿನ ಕಂಟ್ರೋಲರ್ ಕೂಡ ಒಂದು ಬಗೆಯ ವಿ.ಎಫ್.ಡಿ.ಯೇ. ಬೆಳಗಿನ ಹಾಗೂ ಸಂಜೆಯ ಮಂದ ಬಿಸಿಲಿನಲ್ಲಿ ಅದು ಆವೃತ್ತಿಯನ್ನು ತಾನಾಗಿ ಇಳಿಸುತ್ತದೆ. ಸಬ್‌ಮರ್ಸಿಬಲ್ ಮೋಟಾರನ್ನು 30 ಹರ್ಟ್ಸಿಗಿಂತ ಕೆಳಗೆ ಓಡಿಸಬಾರದು ಎಂಬುದು ಸಾಮಾನ್ಯ ನಿಯಮ. ಆದರೆ ಆಳದ ಬಾವಿಯಲ್ಲಿ ನೀರು ಮೇಲೆ ಬರಲು ಎಷ್ಟು ಆವೃತ್ತಿ ಬೇಕೋ ಅದನ್ನೇ ಕನಿಷ್ಠ ಮಿತಿಯಾಗಿ ಇಡಿಸಬೇಕು. 'ನೀರಿಲ್ಲದಾಗ ನಿಲ್ಲು' ಎಂಬ ರಕ್ಷಣೆಯೂ ಚಾಲೂ ಇರಬೇಕು.

ಹುಡುಕುವ ಕ್ರಮ

ಈಗ ಬಿಸಿಯ ಕಾರಣ ಹುಡುಕುವ ಬಗೆ. ಸುಲಭವಾದದ್ದನ್ನು ಮೊದಲು, ಕಷ್ಟದ್ದನ್ನು ಆಮೇಲೆ ನೋಡಬೇಕು.

1. ನಿಜವಾಗಿ ಎಷ್ಟು ಬಿಸಿ? ಅಂಗೈ ಥರ್ಮಾಮೀಟರ್ ಅಲ್ಲ. 60 ಡಿಗ್ರಿಯ ಲೋಹವನ್ನೇ ನಾವು ಮುಟ್ಟಿ ಹಿಡಿಯಲಾರೆವು, ಆದರೆ ಪೂರ್ಣ ಹೊರೆಯಲ್ಲಿರುವ ಮೋಟಾರಿನ ಮೈ 70 ಡಿಗ್ರಿ ಇದ್ದರೂ ಅದು ಆರೋಗ್ಯವಾಗಿರಬಹುದು. ಸುರುಳಿಯ ನಿರೋಧಕ ಹೊದಿಕೆ 'ಬಿ' ವರ್ಗದ್ದಾದರೆ 130 ಡಿಗ್ರಿ, 'ಎಫ್' ವರ್ಗದ್ದಾದರೆ 155 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ. ದೂರದಿಂದ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಮೈಯ ಬಿಸಿ ತಿಳಿಯಬಹುದು. ಒಳಗಿನ ಬಿಸಿ ತಿಳಿಯಲು ಒಂದು ಸೊಗಸಾದ ಉಪಾಯವಿದೆ. ತಾಮ್ರದ ರೋಧ ಒಂದು ಡಿಗ್ರಿಗೆ ಸುಮಾರು ಶೇಕಡಾ 0.39ರಷ್ಟು ಏರುತ್ತದೆ. ತಣ್ಣಗಿದ್ದಾಗ 2 ಓಮ್ ಇದ್ದ ಸುರುಳಿ ಓಡಿ ನಿಂತ ಕೂಡಲೇ 2.5 ಓಮ್ ತೋರಿಸಿದರೆ ಒಳಗಿನ ಬಿಸಿ ಸುಮಾರು 65 ಡಿಗ್ರಿ ಏರಿದೆ ಎಂದರ್ಥ. ಈ ಅಳತೆಯನ್ನು ವಿದ್ಯುತ್ ಕಡಿದು, ಮೋಟಾರನ್ನು ಡ್ರೈವಿನಿಂದ ಬಿಡಿಸಿ, ತಿಳಿದ ಎಲೆಕ್ಟ್ರಿಷಿಯನ್ನೇ ಮಾಡಬೇಕು.

2. ಯಾವಾಗ ಬಿಸಿ? ನಿಧಾನ ವೇಗದಲ್ಲಿ ಮಾತ್ರವೇ, ಎಲ್ಲ ವೇಗದಲ್ಲೂ ಇದೆಯೇ, ಮಧ್ಯಾಹ್ನ ಮಾತ್ರವೇ, ರಿವೈಂಡಿಂಗ್ ಆದ ಮೇಲೆ ಶುರುವಾಯಿತೇ? ಒಂದು ನೋಟುಬುಕ್ಕಿನಲ್ಲಿ ಸಮಯ, ಹರ್ಟ್ಸ್, ಆಂಪಿಯರ್ ಮತ್ತು ಮೈಯ ಬಿಸಿಯನ್ನು ಎರಡು ದಿನ ಬರೆದಿಡಿ. ಹರ್ಟ್ಸ್ ಮತ್ತು ಆಂಪಿಯರ್ ಡ್ರೈವಿನ ಮುಖದ ಮೇಲೆಯೇ ಕಾಣುತ್ತವೆ. ಅರ್ಧ ಕಾಯಿಲೆ ಈ ಪುಟದಲ್ಲೇ ಸಿಕ್ಕಿಬೀಳುತ್ತದೆ.

3. ಗಾಳಿ ಆಡುತ್ತಿದೆಯೇ? ನಮ್ಮ ಸೀಮೆಯ ಮುಖ್ಯ ಶತ್ರು ಇದು. ನಾರಿನ ಘಟಕದ ಪುಡಿ ಹಗುರ, ಎಲ್ಲೆಂದರಲ್ಲಿ ಹಾರಿ ಕೂರುತ್ತದೆ. ಮೋಟಾರಿನ ಏಣುಗಳ ನಡುವೆ ತುಂಬಿಕೊಂಡರೆ ಕಂಬಳಿ ಹೊದಿಸಿದ ಹಾಗೆ. ಫ್ಯಾನಿನ ಜಾಲರಿಯೂ ಮುಚ್ಚಿಹೋಗುತ್ತದೆ. ಕಾಯಿಪುಡಿ ಕಾರ್ಖಾನೆಯಲ್ಲಿ ಎಣ್ಣೆಯ ಅಂಶ ಸೇರಿ ಅಂಟಿಕೊಳ್ಳುತ್ತದೆ. ವಿದ್ಯುತ್ ಕಡಿದು ಬ್ರಷ್ಷಿನಿಂದ ತೆಗೆಯಿರಿ. ಡ್ರೈವಿನೊಳಗಿನ ಸಣ್ಣ ಫ್ಯಾನಿಗೂ ಇದೇ ಗತಿ ಬಂದಿರಬಹುದು.

4. ಹೊರೆ ಹೆಚ್ಚಾಗಿದೆಯೇ? ಬೆಲ್ಟ್ ಕಳಚಿ ಮೋಟಾರನ್ನು ಬರಿದಾಗಿ ಓಡಿಸಿ. ಆಗ ತಣ್ಣಗಿದ್ದರೆ ದೋಷ ಯಂತ್ರದ ಕಡೆ ಇರುವ ಸಂಭವ ಹೆಚ್ಚು. ರೋಲರಿಗೆ ನಾರು ಸುತ್ತಿಕೊಂಡಿರಬಹುದು, ಬೇರಿಂಗ್ ಹಿಡಿದಿರಬಹುದು, ಬೆಲ್ಟ್ ಅತಿ ಬಿಗಿಯಾಗಿರಬಹುದು.

5. ಡ್ರೈವಿಗೆ ಮೋಟಾರಿನ ಪರಿಚಯ ಸರಿಯಾಗಿದೆಯೇ? ಮೋಟಾರಿನ ನೇಮ್ ಪ್ಲೇಟಿನಲ್ಲಿರುವ ವೋಲ್ಟ್, ಆಂಪಿಯರ್, ಹರ್ಟ್ಸ್, ಸುತ್ತುಗಳನ್ನು ಡ್ರೈವಿನೊಳಗೆ ಬರೆಯಬೇಕು. ಅನೇಕರು ಇದನ್ನು ಮಾಡದೆ, ಬಂದ ಹಾಗೇ ಓಡಿಸುತ್ತಾರೆ. 10 ಎಚ್.ಪಿ. ಡ್ರೈವಿಗೆ 5 ಎಚ್.ಪಿ. ಮೋಟಾರು ಜೋಡಿಸಿ ಆಂಪಿಯರ್ ತಿದ್ದದಿದ್ದರೆ, ಮೋಟಾರು ಸುಟ್ಟು ಹೊಗೆ ಬಂದರೂ ಡ್ರೈವಿಗೆ ಅದು ಹೆಚ್ಚೆನಿಸುವುದಿಲ್ಲ. ಮೂಲ ಆವೃತ್ತಿಯನ್ನು 50ರ ಬದಲು 60 ಎಂದಿಟ್ಟರೆ, 50 ಹರ್ಟ್ಸಿನಲ್ಲಿ ಮೋಟಾರಿಗೆ 415 ವೋಲ್ಟಿನ ಬದಲು 346 ವೋಲ್ಟ್ ಮಾತ್ರ ಸಿಗುತ್ತದೆ. ಹೊರೆ ಎಳೆಯಲು ಅದು ಹೆಚ್ಚು ಆಂಪಿಯರ್ ಕುಡಿಯುತ್ತದೆ. ಇದಕ್ಕೆ ವಿರುದ್ಧವಾಗಿ, ಕೆಳವೇಗದಲ್ಲಿ ಬಲ ಸಾಲದೆಂದು 'ಟಾರ್ಕ್ ಬೂಸ್ಟ್' ಅತಿಯಾಗಿ ಏರಿಸಿದರೆ 8.3ರ ಅನುಪಾತ ಕೆಟ್ಟು, ಕಬ್ಬಿಣದ ತಿರುಳು ಕಾಂತಶಕ್ತಿಯಿಂದ ತುಂಬಿಹೋಗುತ್ತದೆ. ಆಗ ಹೊರೆಯೇ ಇಲ್ಲದಿದ್ದರೂ ಮೋಟಾರು ಬಿಸಿ.

6. ಸ್ಟಾರೋ ಡೆಲ್ಟಾವೋ? ರಿವೈಂಡಿಂಗ್ ಆಗಿ ಬಂದ ಮೋಟಾರಿನಲ್ಲಿ ಇದನ್ನು ಮರೆಯದೆ ನೋಡಬೇಕು. 415 ವೋಲ್ಟಿಗೆ ಡೆಲ್ಟಾ ಎಂದಿರುವ ಮೋಟಾರನ್ನು ಸ್ಟಾರ್ ಜೋಡಿಸಿದರೆ ಅದರ ಬಲ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದು ಹೊರೆಯ ಕೆಳಗೆ ಏದುಸಿರು ಬಿಡುತ್ತ ಕಾಯುತ್ತದೆ.

7. ಮೂರೂ ಫೇಸಿನ ಪ್ರವಾಹ ಸಮವೇ? ಸಡಿಲ ಸ್ಕ್ರೂ, ಸುಟ್ಟ ಕೇಬಲ್, ಕೆಟ್ಟ ಸುರುಳಿ ಇದ್ದರೆ ಅಸಮವಾಗಿರುತ್ತದೆ. ಡ್ರೈವಿನ ಹೊರಬದಿಯಲ್ಲಿ ಸಾದಾ ಕ್ಲ್ಯಾಂಪ್ ಮೀಟರ್ ತಪ್ಪು ತೋರಿಸಬಹುದು, 'ಟ್ರೂ ಆರ್.ಎಂ.ಎಸ್.' ಮೀಟರ್ ಬೇಕು. ಲೈನಿನಲ್ಲೇ ವೋಲ್ಟೇಜ್ ಬಿದ್ದಿದ್ದರೆ ಡ್ರೈವ್ ಅದನ್ನು ಹೆಚ್ಚಿಸಿ ಕೊಡಲಾರದು ಎಂಬುದೂ ತಿಳಿದಿರಲಿ.

8. ಕೇಬಲ್ ಎಷ್ಟು ಉದ್ದ? ಡ್ರೈವಿನೊಳಗಿನ ಡಿ.ಸಿ. ಸುಮಾರು 590 ವೋಲ್ಟ್. ಅದನ್ನು ಕತ್ತರಿಸಿದ ಚೂಪಾದ ಅಲೆಗಳು ಉದ್ದ ಕೇಬಲಿನ ಕೊನೆಯಲ್ಲಿ ಪುಟಿದು, ಮೋಟಾರಿನ ಬಾಯಲ್ಲಿ ಸುಮಾರು ಎರಡು ಪಟ್ಟು ಆಗಬಲ್ಲವು. ಹಳೆಯ, ಹಲವು ಬಾರಿ ರಿವೈಂಡಿಂಗ್ ಆದ ಸುರುಳಿಗೆ ಇದು ಅಪಾಯ. ನೂರಾರು ಅಡಿ ಕೇಬಲ್ ಇಳಿಬಿಟ್ಟಿರುವ ಕೊಳವೆಬಾವಿಗೆ ಡ್ರೈವಿನ ಹೊರಬದಿಯಲ್ಲಿ ಫಿಲ್ಟರ್ ಬೇಕೇ ಎಂದು ಮಾರಿದವರನ್ನು ಕೇಳಿ.

ಮಾಡಬೇಕಾದ್ದು, ಮಾಡಬಾರದ್ದು

ತುರುವೇಕೆರೆಯ ಹುಡುಗನ ಮೋಟಾರಿಗೆ ಅಗ್ಗದ ಮದ್ದು ಪುಲ್ಲಿ. ಬೆಲ್ಟ್ ಸದಾ ನಿಧಾನವಾಗಿಯೇ ಓಡಬೇಕಾದರೆ ಮೋಟಾರನ್ನು 20 ಹರ್ಟ್ಸಿಗೆ ಇಳಿಸುವ ಬದಲು ಪುಲ್ಲಿಯ ಅಳತೆ ಅಥವಾ ಗೇರ್ ಬಾಕ್ಸ್ ಬದಲಿಸಿ, ಮೋಟಾರನ್ನು 40ರಿಂದ 50 ಹರ್ಟ್ಸಿನ ನಡುವೆ ಓಡಿಸಲಿ. ಮೋಟಾರಿನ ಫ್ಯಾನಿಗೆ ವೇಗ, ಬೆಲ್ಟಿಗೆ ನಿಧಾನ, ಎರಡೂ ದಕ್ಕುತ್ತವೆ. ಕೆಳವೇಗ ಬೇಕೇಬೇಕೆಂದರೆ, ಮೋಟಾರಿಗೆ ಸಂಬಂಧವಿಲ್ಲದೆ ತಿರುಗುವ ಪ್ರತ್ಯೇಕ ಫ್ಯಾನ್ ಹಾಕಿಸಬಹುದು. ರಿವೈಂಡಿಂಗ್ ಮಾಡಿಸುವಾಗ ಸುರುಳಿಯೊಳಗೆ ಥರ್ಮಿಸ್ಟರ್ ಇಡಿಸಿ ಡ್ರೈವಿಗೆ ಜೋಡಿಸಿದರೆ, ಒಳಗಿನ ಬಿಸಿ ಮಿತಿ ಮೀರುವ ಮೊದಲೇ ಮೋಟಾರು ನಿಲ್ಲುತ್ತದೆ.

ಮಾಡಬಾರದ್ದು ಮೂರು. ಟ್ರಿಪ್ ತಪ್ಪಿಸಲು ಓವರ್‌ಲೋಡ್ ಮಿತಿಯನ್ನು ಏರಿಸಬಾರದು. ಎರಡೇ ಫೇಸ್ ಇದ್ದಾಗ ಪಂಪು ಓಡಿಸಲು ನಮ್ಮಲ್ಲಿ ಬಳಸುವ ಕಂಡೆನ್ಸರ್ ಪೆಟ್ಟಿಗೆಯನ್ನು ಡ್ರೈವಿಗೂ ಮೋಟಾರಿಗೂ ನಡುವೆ ಜೋಡಿಸಬಾರದು, ಡ್ರೈವೇ ಹಾಳಾಗುತ್ತದೆ. ಮೂರನೆಯದು ಪ್ರಾಣದ ಮಾತು. ಸ್ವಿಚ್ ಆರಿಸಿದ ಮೇಲೂ ಡ್ರೈವಿನೊಳಗಿನ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ. ಎಷ್ಟು ನಿಮಿಷ ಕಾಯಬೇಕೆಂದು ಅದರ ಮೇಲೆಯೇ ಬರೆದಿರುತ್ತದೆ. ಅಷ್ಟು ಕಾದು, ಮೀಟರಿನಲ್ಲಿ ನೋಡಿ ಖಚಿತ ಮಾಡಿಕೊಳ್ಳದೆ ಮುಚ್ಚಳ ತೆಗೆಯಬಾರದು. ವಿದ್ಯಾರ್ಥಿಗಳು ಮುಚ್ಚಳ ತೆಗೆಯುವ ಕೆಲಸಕ್ಕೆ ಹೋಗಲೇಬೇಡಿ. ನಿಮ್ಮ ಪಾಲಿನ ಕೆಲಸ ನೋಡುವುದು, ಬರೆದಿಡುವುದು, ಲೆಕ್ಕ ಹಾಕುವುದು.

ತಂದೆತಾಯಿಯರಿಗೂ ಒಂದು ಮಾತು. ನಿರೋಧಕ ಹೊದಿಕೆ ತನ್ನ ಮಿತಿಗಿಂತ 10 ಡಿಗ್ರಿ ಹೆಚ್ಚು ಬಿಸಿಯಲ್ಲಿ ಸದಾ ದುಡಿದರೆ ಅದರ ಆಯುಸ್ಸು ಸುಮಾರು ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಅಂದಾಜು. 20 ಡಿಗ್ರಿ ಹೆಚ್ಚಾದರೆ ಕಾಲು ಭಾಗ. ಅಟ್ಟದ ಮೇಲೆ ಕಾಯಿ ತಿಂಗಳುಗಟ್ಟಲೆ ಒಣಗಿದರೆ ಕೊಬ್ಬರಿಯಾಗಿ ಬೆಲೆ ಬರುತ್ತದೆ. ಮೋಟಾರಿನೊಳಗೆ ವಾರ್ನಿಷ್ ತಿಂಗಳುಗಟ್ಟಲೆ ಒಣಗಿದರೆ ಒಂದು ದಿನ ಬಿರುಕು ಬಿಟ್ಟು ಸುಟ್ಟುಹೋಗುತ್ತದೆ. ಇವತ್ತು ಓಡುತ್ತಿದೆಯಲ್ಲ ಎಂಬ ಸಮಾಧಾನ ಸಾಲದು. ಮಗನೋ ಮಗಳೋ ಐ.ಟಿ.ಐ., ಡಿಪ್ಲೊಮಾ ಓದುತ್ತಿದ್ದು 'ಯಾಕೆ ಬಿಸಿಯಾಗುತ್ತಿದೆ?' ಎಂದು ಕೇಳಿದರೆ ಗದರಬೇಡಿ. ಡ್ರೈವ್ ಕಿತ್ತುಹಾಕುವ ಮೊದಲು ಎರಡು ದಿನ ನೋಟುಬುಕ್ ಹಿಡಿದು ಅದರ ಮುಂದೆ ಕೂರಲು ಬಿಡಿ.

ಈ ವಾರದ ಮನೆಗೆಲಸ: ನಿಮ್ಮ ತೋಟದ ಅಥವಾ ಹತ್ತಿರದ ಗಿರಣಿಯ ಮೋಟಾರಿನ ನೇಮ್ ಪ್ಲೇಟನ್ನು, ಮೋಟಾರು ನಿಂತಿರುವಾಗ, ದೊಡ್ಡವರ ಜೊತೆ ಹೋಗಿ ಬರೆದುಕೊಳ್ಳಿ. 1440 ಸುತ್ತು ಎಂದಿದ್ದರೆ ಧ್ರುವಗಳೆಷ್ಟು? ಕಾಂತಕ್ಷೇತ್ರಕ್ಕಿಂತ ಅದು ಶೇಕಡಾ ಎಷ್ಟು ಹಿಂದಿದೆ? ನಾಲ್ಕು ಧ್ರುವ, ಶೇಕಡಾ 4 ಎಂದು ಉತ್ತರ ಬಂದರೆ ನಿಮ್ಮ ಲೆಕ್ಕ ಸರಿ. ಬೇರೆ ಸಂಖ್ಯೆ ಇರುವ ಮೋಟಾರು ಸಿಕ್ಕಿದರೆ ಇನ್ನೂ ಒಳ್ಳೆಯದು, ಅದರ ಲೆಕ್ಕವನ್ನು ನೀವೇ ಮಾಡಿ ನಿಮ್ಮ ಮೇಷ್ಟರಿಗೆ ತೋರಿಸಿ.